ಹೈಡ್ರೋಜನ್ ಗೆರೆಗಳನ್ನು ಮಕ್ಕಳಿಗೆ ಕಣ್ಣಾರೆ ತೋರಿಸಿ

ಮಾನ್ಯ ಸಂಪಾದಕರೇ,

ದ್ವಿತೀಯ ಪಿಯುಸಿ ಮಕ್ಕಳು ಬಾಮರ್ ಶ್ರೇಣಿಯ, ಅಂದರೆ ಹೈಡ್ರೋಜನ್ ಬೆಳಕಿನಲ್ಲಿ ಕಾಣುವ ಬಣ್ಣದ ಗೆರೆಗಳ, ಸೂತ್ರವನ್ನು ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಆ ಗೆರೆಗಳನ್ನು ನೋಡಿದವರು ಮಾತ್ರ ವಿರಳ. ಹಾಸನ ಜಿಲ್ಲೆಯ ಕಾಲೇಜುಗಳು ಇವನ್ನು ತೋರಿಸಲೇಬೇಕು. ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ; ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕವನ್ನು ಕಾಲೇಜಿನಲ್ಲೇ ಮಾಡಿಕೊಳ್ಳಬಹುದು.

ಶೂ ಡಬ್ಬಿಯ ಒಂದು ತುದಿಯಲ್ಲಿ ಎರಡು ಬ್ಲೇಡ್‌ಗಳನ್ನು ಎದುರುಬದುರು ಅಂಟಿಸಿ, ನಡುವೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟೇ ಸೀಳು ಬಿಡಿ. ಹಳೆಯ ಸಿ.ಡಿ.ಯ ಹೊಳಪಿನ ಪದರವನ್ನು ಟೇಪ್ ಅಂಟಿಸಿ ಕಿತ್ತುಹಾಕಿ, ಅಂಚಿನ ಪಾರದರ್ಶಕ ತುಂಡೊಂದನ್ನು ಇನ್ನೊಂದು ತುದಿಯ ರಂಧ್ರಕ್ಕೆ ಅಂಟಿಸಿ. ಸಿ.ಡಿ.ಯ ಸುರುಳಿಗೆರೆಗಳ ನಡುವಿನ ಅಂತರ 1.6 ಮೈಕ್ರೋಮೀಟರ್. ಹಾಗಾಗಿ ಸೋಡಿಯಂನ ಹಳದಿ ಬೆಳಕು ನೇರ ದಾರಿಯಿಂದ ಸುಮಾರು 21.6 ಡಿಗ್ರಿ ಬಾಗುತ್ತದೆ. ಓರೆಯಾಗಿ ನೋಡಿದರೇ ಕಾಣುವುದು. ಕೆಡುವುದು ಹೆಚ್ಚಾಗಿ ಒಂದೇ ಕಡೆ: ಸಿ.ಡಿ.ಯ ಗೆರೆಗಳು ಸೀಳಿಗೆ ಸಮಾಂತರವಾಗಿರುವುದಿಲ್ಲ. ಆಗ ಬಣ್ಣದ ಗೆರೆಗಳು ಓರೆಯಾಗಿ, ಮಸುಕಾಗುತ್ತವೆ. ಸೀಳು ಅಗಲವಾದರೆ ಒಂದರ ಮೇಲೊಂದು ಬೀಳುತ್ತವೆ. ಇದನ್ನು ಸೂರ್ಯನತ್ತ ಯಾವ ಕಾರಣಕ್ಕೂ ಹಿಡಿಯಬಾರದು.

ಹೈಡ್ರೋಜನ್ ಟ್ಯೂಬ್ (ಆ ಅನಿಲ ತುಂಬಿ ವಿದ್ಯುತ್ತಿನಿಂದ ಹೊಳೆಯಿಸುವ ಗಾಜಿನ ಕೊಳವೆ) ಬರಿಗಣ್ಣಿಗೆ ಗುಲಾಬಿಯಾಗಿ ಕಾಣುತ್ತದೆ. ಡಬ್ಬಿಯಲ್ಲಿ ಅದೇ ಬೆಳಕು ಒಡೆದು, 656.3 ನ್ಯಾನೋಮೀಟರಿನ ಕೆಂಪು, 486.1ರ ಹಸಿರುನೀಲಿ, 434.0ರ ನೇರಳೆ ಗೆರೆಗಳಾಗುತ್ತದೆ. ಎಲೆಕ್ಟ್ರಾನ್ 3, 4, 5ನೇ ಶಕ್ತಿಮಟ್ಟಗಳಿಂದ 2ಕ್ಕೆ ಇಳಿದಾಗ ಹೊಮ್ಮುವ ಬೆಳಕು ಇದು. ನಡುವೆ ಕಾಣುವ ಮಸುಕಾದ ಹಲವು ಗೆರೆಗಳು ಹೈಡ್ರೋಜನ್ ಅಣುವಿನವು. ಟ್ಯೂಬ್ ಹಾಳಾಗಿದೆ ಎಂದು ಎಸೆಯಬೇಡಿ. ಟ್ಯೂಬಿಗೆ ಸಾವಿರಾರು ವೋಲ್ಟ್ ಬೇಕು; ಅದು ಬಿಸಿಯೇರದಂತೆ ಅರ್ಧ ನಿಮಿಷ ಹೊತ್ತಿಸಿ, ಅಷ್ಟೇ ಹೊತ್ತು ಆರಿಸಿಡಿ. ಸಕಲೇಶಪುರದಂಥ ಮಳೆಯ ಊರುಗಳಲ್ಲಿ ತುದಿಯ ಲೋಹದ ಕ್ಯಾಪಿಗೆ ಕಿಲುಬು ಹಿಡಿದು ಟ್ಯೂಬ್ ಮಿಣುಕುತ್ತದೆ. ಪ್ಲಗ್ ಕಿತ್ತ ಮೇಲೆ ಕ್ಯಾಪನ್ನು ಉಪ್ಪುಕಾಗದದಿಂದ ಉಜ್ಜಿದರೆ ಸರಿಹೋಗುತ್ತದೆ.

ಈ ವಿದ್ಯೆಗೆ ನಮ್ಮ ನಾಡಿನ ನಂಟೂ ಇದೆ. 1868ರ ಆಗಸ್ಟ್ 18ರ ಸೂರ್ಯಗ್ರಹಣವನ್ನು ಜಮಖಂಡಿಯಲ್ಲಿ ಲೆಫ್ಟಿನೆಂಟ್ ಹರ್ಷೆಲ್ ರೋಹಿತದರ್ಶಕದಿಂದ ನೋಡಿದ್ದರು. ಅದೇ ವರ್ಷ ಸೂರ್ಯನ ಬೆಳಕಿನಲ್ಲಿ ಸೋಡಿಯಂಗೆ ಹೊಂದದ 587.6 ನ್ಯಾನೋಮೀಟರಿನ ಗೆರೆಯನ್ನು ಇಂಗ್ಲೆಂಡಿನ ಖಗೋಳಜ್ಞ ಲಾಕಿಯರ್ ಗುರುತಿಸಿದರು. ಅದು ಹೀಲಿಯಂ.

ಟ್ಯೂಬ್ ಇಲ್ಲದ ಕಡೆ ಬೀದಿಯ ಹಳೆಯ ಸೋಡಿಯಂ ದೀಪವೇ ಸಾಕು. ಅದರೊಳಗೆ ಆವಿಯ ಒತ್ತಡ ಹೆಚ್ಚು. ಪರಮಾಣುಗಳು ಒಂದಕ್ಕೊಂದು ತಾಗಿ 589ರ ಹಳದಿ ಗೆರೆ ಅಗಲವಾಗುತ್ತದೆ, ಹೊರಪದರದ ತಂಪಾದ ಆವಿ ಅದರ ನಡುಭಾಗವನ್ನು ಹೀರಿಕೊಂಡು ಕಪ್ಪು ಪಟ್ಟಿ ಉಳಿಸುತ್ತದೆ. ಬಿಳಿ ಎಲ್‌ಇಡಿಯಲ್ಲಿ ಇದಾವುದೂ ಕಾಣದು. ನೀಲಿಯೊಂದು ಉಬ್ಬು, ಆಮೇಲೆ ಒಂದೇ ಸಮನೆ ಹರಡಿದ ಬಣ್ಣ, ಅಷ್ಟೇ.

ಎಲ್‌ಇಡಿ ಹಾಕುವಾಗ ಕೆಳಗಿಳಿಸುವ ಸೋಡಿಯಂ ದೀಪಗಳಲ್ಲಿ ಕೆಲವನ್ನಾದರೂ ನಗರಸಭೆ, ಪುರಸಭೆಗಳು ಗುಜರಿಗೆ ಹಾಕದೆ, ಅವನ್ನು ಹೊತ್ತಿಸಲು ಬೇಕಾದ ಚೋಕ್ ಮತ್ತು ಇಗ್ನೈಟರ್ ಸಮೇತ ಹತ್ತಿರದ ಕಾಲೇಜಿಗೆ ಕೊಡಲಿ. ಒಮ್ಮೆ ಆರಿಸಿದರೆ ತಣ್ಣಗಾಗುವವರೆಗೆ ಅದು ಮತ್ತೆ ಹೊತ್ತುವುದಿಲ್ಲ; ಕೆಟ್ಟಿತೆಂದು ಬಿಚ್ಚದೆ ಕೆಲವು ನಿಮಿಷ ಕಾಯಬೇಕೆಂದು ಲ್ಯಾಬ್ ಸಹಾಯಕರಿಗೆ ಮೊದಲೇ ತಿಳಿಸಿರಿ.

– ಭೌತಶಾಸ್ತ್ರ ಉಪನ್ಯಾಸಕರು, ಹಾಸನ