ಹಡಗು ಕಾಯುವುದಿಲ್ಲ, ಅಪ್ಪ

ಪಿರೇಯಸ್ ಬಂದರು, ಗ್ರೀಸ್

ತೀರ್ಥರೂಪರಾದ ಅಪ್ಪನವರಿಗೂ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ತುಮಕೂರಿನ ಸುದ್ದಿಯನ್ನೆಲ್ಲ ಬರೆಯಿರಿ. ಬರೆಯಲು ಬೇಸರವಾದರೆ ಅಮ್ಮನಿಂದ ವಾಯ್ಸ್ ಮೆಸೇಜ್ ಕಳುಹಿಸಿದರೂ ಸರಿ.

ಭಾನುವಾರ ಫೋನಿನಲ್ಲಿ ನೀವು ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರಿಸುವಷ್ಟರಲ್ಲಿ ನನ್ನ ಪಾಳಿ ಶುರುವಾಯಿತು. "ಅಷ್ಟೊಂದು ದುಡ್ಡು ಕಟ್ಟಿದ್ದೇವೆ, ಹತ್ತು ನಿಮಿಷ ತಡವಾದರೆ ಬಿಟ್ಟು ಹೋಗುತ್ತಾರೆಯೇ?" ಎಂದಿರಿ. ಹೌದು ಅಪ್ಪ, ಬಿಟ್ಟು ಹೋಗುತ್ತಾರೆ. ನೀವು, ಅಮ್ಮ, ತಿಪಟೂರಿನ ಚಿಕ್ಕಪ್ಪ, ಚಿಕ್ಕಮ್ಮ ಇಟಲಿ, ಗ್ರೀಸ್, ಟರ್ಕಿಯ ಬಂದರುಗಳಲ್ಲಿ ಇಳಿದು ಊರು ನೋಡಲು ಅಕ್ಟೋಬರಿನಲ್ಲಿ ಹತ್ತುವ ಪ್ರವಾಸಿ ಹಡಗು ನಾನು ಕೆಲಸ ಮಾಡುವ ಹಡಗಲ್ಲ. ಆದ್ದರಿಂದ ಆ ದಿನ ಅತಿಥಿ ಸೇವೆಯ ಮೇಜಿನ ಹಿಂದೆ ನಾನಿರುವುದಿಲ್ಲ. ಇದ್ದಿದ್ದರೂ ಕ್ಯಾಪ್ಟನ್‌ಗೆ "ನಮ್ಮ ಅಪ್ಪ ಬರುತ್ತಿದ್ದಾರೆ, ಸ್ವಲ್ಪ ತಡೆಯಿರಿ" ಎಂದು ಹೇಳುವ ಅಧಿಕಾರ ನನಗಿಲ್ಲ.

ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಕೆಲಸಕ್ಕೆ ಓಡಾಡಿದ ಅಷ್ಟು ವರ್ಷಗಳಲ್ಲಿ ಒಂದು ದಿನವೂ ಗಾಡಿ ತಪ್ಪಿಸಿಕೊಂಡಿಲ್ಲ ಎಂಬ ಹೆಮ್ಮೆ ನಿಮಗಿದೆ. ಅವುಗಳಲ್ಲಿ ಎಷ್ಟು ದಿನ ಆಗಲೇ ಹೊರಟಿದ್ದ ಗಾಡಿಯ ಹಿಡಿಕೆ ಹಿಡಿದು ಹಾರಿದಿರಿ ಎಂಬ ಲೆಕ್ಕ ಅಮ್ಮನ ಬಳಿ ಇದೆ. ನನ್ನ ಭಯವೆಲ್ಲ ಅಲ್ಲಿಯೇ. ಹಡಗಿಗೆ ಓಡಿ ಹಿಡಿಯುವ ಕೊನೆಯ ಬೋಗಿ ಎಂಬುದಿಲ್ಲ. ದಡಕ್ಕೂ ಹಡಗಿಗೂ ನಡುವೆ ಇರುವುದು ಒಂದು ಸಣ್ಣ ಸೇತುವೆ, ಗ್ಯಾಂಗ್‌ವೇ. ಅದನ್ನು ಒಳಗೆ ಎಳೆದುಕೊಂಡು, ಹಗ್ಗ ಬಿಚ್ಚಿದರೆಂದರೆ ಮುಗಿಯಿತು. ಕಣ್ಣೆದುರಿಗೇ ಹಡಗು ನಿಂತಿರುತ್ತದೆ, ಹತ್ತಲು ಮಾತ್ರ ಆಗುವುದಿಲ್ಲ.

ಮೊದಲು ಸಮಯದ ವಿಷಯ. ಪ್ರತಿದಿನ ಸಂಜೆ ನಿಮ್ಮ ಕ್ಯಾಬಿನ್ನಿಗೆ ಮರುದಿನದ ಕಾರ್ಯಕ್ರಮದ ಹಾಳೆ ಬರುತ್ತದೆ. ಕೆಲವು ಹಡಗುಗಳಲ್ಲಿ ಅದು ಮೊಬೈಲ್ ಆ್ಯಪ್‌ನಲ್ಲಿರುತ್ತದೆ. ಅದರಲ್ಲಿ ಎರಡು ಹೊತ್ತು ಬರೆದಿರುತ್ತಾರೆ. ಒಂದು ಹಡಗು ಹೊರಡುವ ಹೊತ್ತು, ಇನ್ನೊಂದು "ಆಲ್ ಅಬೋರ್ಡ್", ಅಂದರೆ ಎಲ್ಲರೂ ಒಳಗಿರಬೇಕಾದ ಹೊತ್ತು. ಇದು ಸಾಮಾನ್ಯವಾಗಿ ಹೊರಡುವುದಕ್ಕೆ ಅರ್ಧ ಗಂಟೆ ಮೊದಲು, ಕೆಲವು ಕಡೆ ಒಂದು ಗಂಟೆ ಮೊದಲು. ನಿಮಗೆ ಬೇಕಾದದ್ದು ಇದೊಂದೇ. ಹೊರಡುವ ಹೊತ್ತನ್ನು ಚಿಕ್ಕಪ್ಪನಿಗೆ ಹೇಳಲೇಬೇಡಿ. ಹೇಳಿದರೆ ಅವರು ಅದಕ್ಕೆ ಐದು ನಿಮಿಷ ಇರುವಾಗ ಬರುತ್ತಾರೆ.

ಇನ್ನು ಯಾವ ಗಡಿಯಾರ ನೋಡಬೇಕು ಎಂಬ ಪ್ರಶ್ನೆ. ಇಟಲಿಯಲ್ಲಿ ನಾಲ್ಕು ಗಂಟೆಯಾದಾಗ ಗ್ರೀಸಿನಲ್ಲಿ ಐದು. ಹಡಗು ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಸಾಮಾನ್ಯವಾಗಿ ರಾತ್ರಿಯೇ ಗಡಿಯಾರ ಬದಲಿಸಿಕೊಳ್ಳಿ ಎಂದು ಹೇಳುತ್ತಾರೆ; ಕೆಲವೊಮ್ಮೆ ಹಡಗಿನ ಸಮಯವನ್ನು ಬದಲಿಸದೆ ಹಾಗೆಯೇ ಉಳಿಸಿಕೊಳ್ಳುತ್ತಾರೆ. ನಿಮ್ಮ ಮೊಬೈಲಿಗೆ ಇದೊಂದೂ ತಿಳಿಯದು. ದಡಕ್ಕಿಳಿದ ಕೂಡಲೇ ಅದು ಅಲ್ಲಿನ ನೆಟ್‌ವರ್ಕ್ ಹಿಡಿದು ಅಲ್ಲಿನ ಸಮಯ ತೋರಿಸುತ್ತದೆ. ಮೊಬೈಲ್ ಹಡಗಿಗಿಂತ ಒಂದು ಗಂಟೆ ಮುಂದಿದ್ದರೆ ಚಿಂತೆಯಿಲ್ಲ, ಬೇಗ ಬಂದು ಕಾಫಿ ಕುಡಿಯುತ್ತೀರಿ. ಒಂದು ಗಂಟೆ ಹಿಂದಿದ್ದರೆ ಕೆಟ್ಟಿತು. ಅದರಲ್ಲಿ ನಾಲ್ಕಾಗಿರುವಾಗ ಹಡಗಿನಲ್ಲಿ ಐದಾಗಿರುತ್ತದೆ. ಸಾಲದ್ದಕ್ಕೆ ನಿಮ್ಮ ಪ್ರವಾಸದ ನಡುವೆಯೇ ಅಕ್ಟೋಬರಿನ ಕೊನೆಯ ಭಾನುವಾರ ಬರುತ್ತದೆ. ಅಂದು ಯುರೋಪಿನ ಗಡಿಯಾರಗಳನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಟರ್ಕಿ 2016ರಲ್ಲಿ ಈ ಪದ್ಧತಿಯನ್ನು ಬಿಟ್ಟಿದೆ. ಹಾಗಾಗಿ ಶನಿವಾರದವರೆಗೆ ಒಂದೇ ಸಮಯದಲ್ಲಿದ್ದ ಗ್ರೀಸ್ ಮತ್ತು ಟರ್ಕಿಗೆ ಭಾನುವಾರದಿಂದ ಒಂದು ಗಂಟೆಯ ಅಂತರ.

ಇದಕ್ಕೆ ನನ್ನ ಬಳಿ ಇರುವ ಪರಿಹಾರ ನಿಮ್ಮ ಎಚ್‌ಎಂಟಿ. ನಮ್ಮೂರಿನ ಕಾರ್ಖಾನೆಯಲ್ಲೇ ತಯಾರಾದ ಆ ಕೈಗಡಿಯಾರವನ್ನು ಕಟ್ಟಿಕೊಂಡು ಬನ್ನಿ. ಕಾರ್ಖಾನೆ ಮುಚ್ಚಿ ಜಾಗ ಇಸ್ರೋ ಕೈಸೇರಿದರೂ ಗಡಿಯಾರ ಓಡುತ್ತಿದೆಯಲ್ಲ, ಅದಕ್ಕೆ ಯಾವ ನೆಟ್‌ವರ್ಕೂ ಬೇಕಿಲ್ಲ. ಹಡಗಿನ ಮೊಗಸಾಲೆಯ ಗಡಿಯಾರ ನೋಡಿ ಹೊಂದಿಸಿಕೊಳ್ಳಿ. ಹಡಗಿನವರು ಬದಲಿಸಿ ಎಂದಾಗ ಮಾತ್ರ ಬದಲಿಸಿ. ದಡದಲ್ಲಿ ಯಾರು ಏನೇ ಹೇಳಿದರೂ ಅದರ ಮುಳ್ಳನ್ನು ಮುಟ್ಟಬೇಡಿ.

ಯಾಕಿಷ್ಟು ಕಟ್ಟುನಿಟ್ಟು ಎಂದು ನೀವು ಕೇಳಿಯೇ ಕೇಳುತ್ತೀರಿ. ಬಂದರಿನಲ್ಲಿ ನಿಲ್ಲುವ ಜಾಗಕ್ಕೆ ಹೊತ್ತಿನ ಲೆಕ್ಕವಿದೆ. ಆ ಜಾಗಕ್ಕೆ ಇನ್ನೊಂದು ಹಡಗು ಬರುವುದಿರಬಹುದು. ಹಡಗನ್ನು ಹೊರಗೆ ದಾಟಿಸಲು ಬಂದರಿನ ಪೈಲಟ್ ಬರುತ್ತಾರೆ. ಅವರನ್ನೂ ಎಳೆಯುವ ದೋಣಿಗಳನ್ನೂ ಮೊದಲೇ ಗೊತ್ತುಮಾಡಿರುತ್ತಾರೆ. ಮರುದಿನದ ಬಂದರಿನಲ್ಲಿ ಬೆಳಿಗ್ಗೆ ಇಷ್ಟು ಗಂಟೆಗೆ ಎಂದು ಜಾಗ ಕಾದಿರಿಸಿರುತ್ತಾರೆ. ತಡವಾದದ್ದನ್ನು ಸಮುದ್ರದಲ್ಲಿ ತುಂಬಿಕೊಳ್ಳೋಣವೆಂದರೆ ಇಂಧನ ಸುರಿಯಬೇಕು: ಹಡಗಿನ ವೇಗವನ್ನು ನೂರಕ್ಕೆ 10ರಷ್ಟು ಏರಿಸಲು ಎಂಜಿನ್ನಿನ ಶಕ್ತಿ ಸುಮಾರು ಮೂರನೇ ಒಂದು ಭಾಗದಷ್ಟು ಹೆಚ್ಚು ಬೇಕಾಗುತ್ತದೆ. ಒಳಗೆ ಸಾವಿರಾರು ಜನ ಕುಳಿತಿರುವಾಗ ಕಂಬಳಿ ಚೌಕಾಸಿಗೆ ಕುಳಿತ ಇಬ್ಬರಿಗಾಗಿ ಯಾವ ಕ್ಯಾಪ್ಟನ್ ಅದನ್ನೆಲ್ಲ ಮಾಡುತ್ತಾನೆ?

ಕಂಬಳಿ ಎಂದದ್ದು ಸುಮ್ಮನೆ ಅಲ್ಲ. ಟರ್ಕಿಯ ಕುಶಾದಾಸಿಯಲ್ಲಿ ಹಡಗು ಊರಿನ ಮಧ್ಯಕ್ಕೇ ಬಂದು ನಿಲ್ಲುತ್ತದೆ, ಬಂದರಿನ ಬಾಗಿಲು ದಾಟಿದರೆ ಅಂಗಡಿ ಸಾಲು. ರತ್ನಗಂಬಳಿಯ ಅಂಗಡಿಯವರು ನಿಮ್ಮನ್ನು ಕೂರಿಸಿ, ಸೇಬಿನ ಚಹಾ ಕೊಟ್ಟು, ಒಂದೊಂದೇ ಕಂಬಳಿಯನ್ನು ಬಿಡಿಸಿ ಹಾಸುತ್ತಾ ಹೋಗುತ್ತಾರೆ. ಅವರಿಗೆ ಹೊತ್ತಿನ ಹಂಗಿಲ್ಲ. ನಿಮಗೂ ಚೌಕಾಸಿ ಸಿಕ್ಕಿದರೆ ಹೊತ್ತಿನ ಹಂಗಿಲ್ಲ. ಕೊಳ್ಳದೆ ಎದ್ದು ಬಂದರೆ ಅವರೇನೂ ಅಂದುಕೊಳ್ಳುವುದಿಲ್ಲ, ದಾಕ್ಷಿಣ್ಯಕ್ಕೆ ಬೀಳಬೇಡಿ. ಅಲ್ಲಿಂದ ಎಫೆಸಸ್‌ನ ಹಳೆಯ ಪಟ್ಟಣಕ್ಕೆ ಸುಮಾರು 20 ಕಿಲೋಮೀಟರ್. ಅದಕ್ಕೆ ಹಡಗಿನವರೇ ಮಾಡುವ ಪ್ರವಾಸದಲ್ಲಿ ಹೋಗಿ. ದುಬಾರಿ ಎಂದು ಚಿಕ್ಕಪ್ಪ ಗೊಣಗುತ್ತಾರೆ, ದುಬಾರಿ ಹೌದು. ಆದರೆ ಆ ಬಸ್ಸು ತಡವಾದರೆ ಹಡಗಿಗೆ ಸುದ್ದಿ ಮುಟ್ಟುತ್ತದೆ, ಕಾಯುತ್ತಾರೆ. ಕಾಯಲಾಗದಿದ್ದರೆ ಮುಂದಿನ ಬಂದರಿಗೆ ನಿಮ್ಮನ್ನು ತಲುಪಿಸುವ ಹೊಣೆ ಅವರದು. ನೀವೇ ಟ್ಯಾಕ್ಸಿ ಮಾಡಿಕೊಂಡು ಹೋದರೆ ಹೊಣೆಯೂ ನಿಮ್ಮದೇ.

ಹಾಗೆಂದು ಎಲ್ಲ ಊರಿನಲ್ಲೂ ಅವರಿಗೆ ದುಡ್ಡು ಸುರಿಯಬೇಕಿಲ್ಲ. ಇಟಲಿಯ ನೇಪಲ್ಸ್‌ನಲ್ಲಿ ಬಂದರಿನ ಎದುರಿಗೇ ಹಳೆಯ ಕೋಟೆಯಿದೆ, ನಡೆದುಕೊಂಡೇ ಊರು ನೋಡಬಹುದು. ಅಲ್ಲಿಂದ ಪುರಾತನ ಅವಶೇಷಗಳ ಊರಾದ ಪೊಂಪೇಗೆ ಲೋಕಲ್ ರೈಲಿನಲ್ಲಿ ಹೋಗುವ ಆಸೆಯಿದ್ದರೆ ಬೆಳಿಗ್ಗೆ ಇಳಿದ ತಕ್ಷಣ ಹೋಗಿಬನ್ನಿ. ಇಟಲಿಯಲ್ಲಿ ರೈಲು ಮುಷ್ಕರ ಅಪರೂಪವಲ್ಲ, ಹಿಂದಿನ ದಿನವೇ ವಿಚಾರಿಸಿ. ದೂರದ್ದನ್ನು ಮೊದಲು ಮುಗಿಸಿ, ಹಡಗಿನ ಹತ್ತಿರದ್ದನ್ನು ಕೊನೆಗೆ ಇಟ್ಟುಕೊಳ್ಳಿ. ನಮ್ಮವರು ಮಾಡುವುದು ಇದರ ತಿರುಗುಮುರುಗು: ಬೆಳಿಗ್ಗೆ ತಿಂಡಿ ಮುಗಿಸಿ ನಿಧಾನಕ್ಕೆ ಇಳಿದು, ಮಧ್ಯಾಹ್ನ ಎರಡಕ್ಕೆ ದೂರದ ಊರಿಗೆ ಹೊರಡುತ್ತಾರೆ.

ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇರುವುದು ಗ್ರೀಸಿನ ಸ್ಯಾಂಟೊರಿನಿ ದ್ವೀಪದ್ದು. ಅಮ್ಮ ಆ ಬಿಳಿ ಮನೆ, ನೀಲಿ ಗುಮ್ಮಟದ ಫೋಟೋಗಳನ್ನು ಕಳುಹಿಸುತ್ತಲೇ ಇದ್ದಾಳೆ. ಅಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ನೀರಿನಲ್ಲೇ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತದೆ. ನೀವು ನೋಡಬೇಕಾದದ್ದು ಕೊನೆಯ ದೋಣಿಯ ಹೊತ್ತು. ದೋಣಿ ಇಳಿಸುವ ಹಳೆಯ ಬಂದರು ಬಂಡೆಯ ಬುಡದಲ್ಲಿದೆ, ಫಿರಾ ಊರು ಬಂಡೆಯ ನೆತ್ತಿಯ ಮೇಲೆ. ಮೇಲೆ ಹೋಗಿ ಬರಲು ಕೇಬಲ್ ಕಾರ್, ಇಲ್ಲವೇ ಆರುನೂರಕ್ಕೆ ಸ್ವಲ್ಪ ಕಡಿಮೆಯಿರುವ ಮೆಟ್ಟಿಲು, ಇಲ್ಲವೇ ಕತ್ತೆ. ಒಂದೇ ದಿನ ಹಲವು ಹಡಗುಗಳು ಬಂದಾಗ ಸಂಜೆ ಕೇಬಲ್ ಕಾರಿನ ಸರತಿ ಒಂದು ಗಂಟೆಗೂ ಮೀರುತ್ತದೆ. ಅಮ್ಮನ ಮಂಡಿಗೆ ಆ ಮೆಟ್ಟಿಲು ಆಗದು, ಕತ್ತೆಗಳು ಓಡಾಡಿದ ಕಲ್ಲುಗಳು ಜಾರುತ್ತವೆ ಬೇರೆ. ಫೋಟೋದಲ್ಲಿರುವ ಓಯಾ ಎಂಬ ಊರು ಫಿರಾದಿಂದ ಸುಮಾರು 11 ಕಿಲೋಮೀಟರ್ ದೂರ, ಕಿರಿದಾದ ರಸ್ತೆ. ಅಲ್ಲಿ ಸೂರ್ಯಾಸ್ತ ನೋಡುವ ಯೋಚನೆಯನ್ನು ಈಗಲೇ ಕೈಬಿಡಲು ಹೇಳಿ. ಕೊನೆಯ ದೋಣಿಗೆ ಎರಡು ಗಂಟೆ ಇರುವಾಗಲೇ ಕೇಬಲ್ ಕಾರಿನ ಸಾಲಿನಲ್ಲಿ ನಿಂತಿರಿ. ಸೂರ್ಯಾಸ್ತ ಹಡಗಿನ ಮೇಲಿಂದಲೂ ಕಾಣುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದು ವೇಳೆ ಯಾರಾದರೂ ಉಳಿದುಬಿಟ್ಟರೆ ನಮ್ಮ ಕಡೆ ಏನಾಗುತ್ತದೆ ಎಂದು ಹೇಳುತ್ತೇನೆ. ಇಳಿಯುವಾಗ, ಹತ್ತುವಾಗ ಹಡಗಿನವರು ಕೊಟ್ಟ ಕಾರ್ಡನ್ನು ಯಂತ್ರಕ್ಕೆ ತೋರಿಸುತ್ತೀರಿ. ಯಾರು ಹೊರಗಿದ್ದಾರೆಂದು ನಮಗೆ ಅದರಿಂದ ತಿಳಿಯುತ್ತದೆ. ಹೊತ್ತಾದಾಗ ಧ್ವನಿವರ್ಧಕದಲ್ಲಿ ಹೆಸರು ಕೂಗುತ್ತೇವೆ, ಕ್ಯಾಬಿನ್ನಿಗೆ ಫೋನ್ ಮಾಡುತ್ತೇವೆ. ಕೆಲವೊಮ್ಮೆ ಆಸಾಮಿ ಒಳಗೇ ಗೊರಕೆ ಹೊಡೆಯುತ್ತಿರುತ್ತಾನೆ. ನಿಜಕ್ಕೂ ಇಲ್ಲವೆಂದಾದರೆ ಭದ್ರತಾ ಸಿಬ್ಬಂದಿ ಕ್ಯಾಬಿನ್ ತೆರೆದು, ತಿಜೋರಿಯಲ್ಲಿ ಪಾಸ್‌ಪೋರ್ಟ್ ಸಿಕ್ಕಿದರೆ ಅದನ್ನು ದಡದಲ್ಲಿರುವ ಪೋರ್ಟ್ ಏಜೆಂಟ್ ಕೈಗೆ ಕೊಡುತ್ತಾರೆ. ನಮ್ಮ ಕಂಪನಿಯ ಪರವಾಗಿ ಆ ಊರಿನ ಕೆಲಸ ನೋಡಿಕೊಳ್ಳುವವರು ಅವರು. ಅವರ ಫೋನ್ ಸಂಖ್ಯೆ ದಿನದ ಹಾಳೆಯಲ್ಲಿರುತ್ತದೆ. ಪ್ರತಿ ಬೆಳಿಗ್ಗೆ ಇಳಿಯುವ ಮುಂಚೆ ಆ ಹಾಳೆಯ ಫೋಟೋ ತೆಗೆದುಕೊಳ್ಳಿ, ಒಂದು ಚೀಟಿಯಲ್ಲೂ ಬರೆದುಕೊಳ್ಳಿ. ಮೊಬೈಲಿನ ಬ್ಯಾಟರಿ ಮುಗಿಯುವುದು ಇಂತಹ ದಿನವೇ. ಪಾಸ್‌ಪೋರ್ಟ್, ವೀಸಾಗಳ ನಕಲು, ಒಂದು ಬ್ಯಾಂಕ್ ಕಾರ್ಡ್, ಅಮ್ಮನ ಸಕ್ಕರೆ ಕಾಯಿಲೆಯ ಮಾತ್ರೆ ಎರಡು ದಿನಕ್ಕಾಗುವಷ್ಟು, ಇವು ಸದಾ ಜೊತೆಯಲ್ಲಿರಲಿ.

ತಡವಾಗಿ ಓಡಿ ಬರುವವರನ್ನು ನೋಡಲು ಮೇಲಿನ ಡೆಕ್‌ನಲ್ಲಿ ಜನ ಸೇರುತ್ತಾರೆ. ಚಪ್ಪಾಳೆ ತಟ್ಟುತ್ತಾರೆ, ವಿಡಿಯೋ ಮಾಡುತ್ತಾರೆ. ನನಗೆ ಆ ನಗು ಹಿಡಿಸುವುದಿಲ್ಲ. ಓಡುವವರಲ್ಲಿ ಹೆಚ್ಚಿನವರು ನಿಮ್ಮ ವಯಸ್ಸಿನವರೇ.

2024ರ ಮಾರ್ಚ್ ಕೊನೆಯಲ್ಲಿ ಆಫ್ರಿಕಾದ ಸಾವ್ ತೋಮೆ ದ್ವೀಪದಲ್ಲಿ ಹೀಗೆಯೇ ಎಂಟು ಮಂದಿ ಉಳಿದುಬಿಟ್ಟರು. ತಾವೇ ಗೊತ್ತುಮಾಡಿಕೊಂಡ ಪ್ರವಾಸದಿಂದ ತಡವಾಗಿ ಬಂದಾಗ ಹಡಗು ಇನ್ನೂ ಲಂಗರು ಹಾಕಿ ನಿಂತಿತ್ತು. ಕರಾವಳಿ ಪಡೆಯವರು ದೋಣಿಯಲ್ಲಿ ಹಡಗಿನ ಪಕ್ಕಕ್ಕೇ ಕರೆದೊಯ್ದರೂ ಹತ್ತಿಸಿಕೊಳ್ಳಲಿಲ್ಲ. ದೇಶ ದೇಶ ದಾಟಿ ಗ್ಯಾಂಬಿಯಾದಲ್ಲಿ ಹಿಡಿಯೋಣವೆಂದು ಹೊರಟರೆ, ನೀರಿನ ಮಟ್ಟ ಇಳಿದಿದ್ದರಿಂದ ಹಡಗು ಆ ಬಂದರಿಗೆ ಬರಲೇ ಇಲ್ಲ. ಕೊನೆಗೆ ಸೆನೆಗಲ್‌ನ ಡಕಾರ್‌ನಲ್ಲಿ ಹಡಗು ಸಿಕ್ಕಿತು. ಅವರಲ್ಲಿ ಒಬ್ಬರು ಬಸುರಿ, ವಯಸ್ಸಾದವರೂ ಇದ್ದರು.

ಇನ್ನೊಂದು ಮಾತು, ಇದನ್ನು ನಾಲ್ವರೂ ಕೂತು ಒಪ್ಪಿಕೊಳ್ಳಿ. ಅಮ್ಮ, ಚಿಕ್ಕಮ್ಮ ಅಂಗಡಿಯಲ್ಲಿ ಉಳಿದು ತಡವಾದರೆ ನೀವಿಬ್ಬರೂ ದಡದಲ್ಲಿ ನಿಂತು ಹುಡುಕಬೇಡಿ. ಒಬ್ಬರು ನಿಂತು ಕಾಯಲಿ, ಇನ್ನೊಬ್ಬರು ಹಡಗಿನೊಳಗೆ ಹೋಗಿ ಮೇಜಿನಲ್ಲಿ ತಿಳಿಸಲಿ. ಅವರು ಎಲ್ಲಿದ್ದಾರೆ, ಯಾವ ದಾರಿಯಲ್ಲಿ ಬರುತ್ತಿದ್ದಾರೆ ಎಂದು ಗೊತ್ತಾದರೆ ನಮ್ಮವರು ಏಜೆಂಟರಿಗೆ ಫೋನ್ ಮಾಡಿ ಏನಾದರೂ ಏರ್ಪಾಡು ಮಾಡಬಹುದು. ಒಳಗೆ ಹೋದವರು ಅಲ್ಲೇ ಉಳಿಯಬೇಕು, ಮತ್ತೆ ಇಳಿಯಬಾರದು.

ಈಗ ನೀವು ಮಾಡಬೇಕಾದ ತುರ್ತು ಕೆಲಸ. ಒಂದೇ ವೀಸಾದಲ್ಲಿ ಯುರೋಪಿನ ಹಲವು ದೇಶಗಳನ್ನು ಸುತ್ತಬಹುದಾದ ಷೆಂಗೆನ್ ವ್ಯವಸ್ಥೆಯೊಳಗೆ ಇಟಲಿ, ಗ್ರೀಸ್ ಇವೆ, ಟರ್ಕಿ ಹೊರಗಿದೆ. ಕುಶಾದಾಸಿಗೆ ಹೋಗಿ ಮತ್ತೆ ಗ್ರೀಸಿಗೆ ಬರುವುದೆಂದರೆ ಒಮ್ಮೆ ಹೊರಹೋಗಿ ಎರಡನೆಯ ಸಲ ಒಳಬಂದ ಹಾಗೆ. ನಿಮ್ಮ ವೀಸಾದಲ್ಲಿ "ಮಲ್ಟಿಪಲ್ ಎಂಟ್ರಿ" ಎಂದಿರಬೇಕು. ಒಂದೇ ಪ್ರವೇಶದ ವೀಸಾ ಇಟ್ಟುಕೊಂಡು ಕುಶಾದಾಸಿಯಲ್ಲಿ ಹಡಗು ತಪ್ಪಿದರೆ, ಎದುರಿಗೆ ಕಾಣುವ ಗ್ರೀಸಿನ ಸಾಮೋಸ್ ದ್ವೀಪಕ್ಕೆ ದೋಣಿ ಇದ್ದರೂ ನಿಮ್ಮನ್ನು ಒಳಗೆ ಬಿಡುವುದಿಲ್ಲ. ಟಿಕೆಟ್ ಮಾಡಿಸಿದ ಪ್ರವಾಸ ಏಜೆಂಟರನ್ನು ಇದೊಂದು ವಿಷಯವಾಗಿ ಕೇಳಿ, ಅರ್ಜಿಯ ಫೋಟೋ ನನಗೆ ಈ ವಾರವೇ ಕಳುಹಿಸಿ. ಚಿಕ್ಕಪ್ಪನ ಅರ್ಜಿಯದೂ ಬೇಕು.

ಇಂತಿ ನಿಮ್ಮ ಪ್ರೀತಿಯ ಮಗಳು