ದೋಣಿಯ ಆ ಅರ್ಧ ನಿನ್ನದೇ ಮಾರಾಯ

ಗಂಗೊಳ್ಳಿ, ಮೇ ತಿಂಗಳು

ಪ್ರೀತಿಯ ಗೆಳೆಯಾ,

ಮೊನ್ನೆ ರಾತ್ರಿ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ನಾನಿನ್ನು ಊರಿಗೆ ಬಂದು ದೋಣಿ ಹತ್ತುವುದು ಸುಳ್ಳು. ನನ್ನ ಪಾಲು ನೀನೇ ಇಟ್ಟುಕೋ, ದುಡ್ಡೇನೂ ಬೇಡ" ಅಂದೆ. ನನಗೆ ಆಗ ಮಾತೇ ಹೊರಡಲಿಲ್ಲ. ಫೋನಿಟ್ಟ ಮೇಲೆ ನಿದ್ದೆಯೂ ಬರಲಿಲ್ಲ. ಮತ್ತೆ ಫೋನ್ ಮಾಡಿದರೆ ನೀನು "ಬಿಡು ಮಾರಾಯ" ಅಂತ ಮಾತು ತಿರುಗಿಸುತ್ತೀಯ, ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಇಬ್ಬರು ಸೇರಿ ಒಂದು ದೋಣಿ ಇಟ್ಟುಕೊಂಡವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರಲ್ಲ, ಅವರೂ ಓದಲಿ.

ಆ ಪಾಲು ನನಗೆ ಬೇಡ.

ಎಂಟು ವರ್ಷದ ಹಿಂದೆ ಆ ಹಳೇ ಫೈಬರ್ ದೋಣಿ ನೋಡಲು ಹೋದಾಗ ನನ್ನ ಹತ್ತಿರ ಇದ್ದದ್ದು ಅರ್ಧ ದುಡ್ಡು. ನಿನ್ನ ಹತ್ತಿರವೂ ಅಷ್ಟೇ. ಒಬ್ಬೊಬ್ಬರೇ ಹೋಗಿದ್ದರೆ ಇಬ್ಬರೂ ಬರಿಗೈಯಲ್ಲಿ ವಾಪಸ್ ಬರಬೇಕಿತ್ತು. ಇಂಜಿನ್ 9.9 ಎಚ್‌ಪಿಯದ್ದೇ ಇರಲಿ ಅಂತ ಹಟ ಹಿಡಿದವನು ನೀನು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ ಅಂತ ದೊಡ್ಡ ಬೋಟುಗಳೆಲ್ಲ ದಡ ಸೇರುತ್ತವೆ. 10 ಎಚ್‌ಪಿ ಒಳಗಿನ ನಾಡದೋಣಿಗೆ ಆ ನಿಷೇಧ ಇಲ್ಲ. ಮಳೆಗಾಲದ ಸಿಗಡಿ ನಮ್ಮ ಎರಡೂ ಮನೆ ಸಾಕಿದ್ದು ನಿನ್ನ ಆ ಹಟದಿಂದ. ಕಾಗದ ಪತ್ರ, ಸೀಮೆಎಣ್ಣೆ ಪರ್ಮಿಟ್ ಎಲ್ಲ ನಿನ್ನ ಹೆಸರಿಗೆ ಮಾಡಿಸಿದೆವು. ಕಾಗದದಲ್ಲಿ ಪೂರ್ತಿ ನಿನ್ನದು, ನೀರಿನಲ್ಲಿ ಪೂರ್ತಿ ನನ್ನ ಕೈಯಲ್ಲಿ. ನಮ್ಮಿಬ್ಬರ ಮಧ್ಯೆ ಒಂದು ಚೀಟಿಯೂ ಇಲ್ಲ.

ಅದು ದೊಡ್ಡ ನಂಬಿಕೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಎರಡು ವರ್ಷದ ಹಿಂದೆ ಇಂಜಿನ್ ಜಾಮ್ ಆಗಿತ್ತಲ್ಲ, ನೆನಪಿದೆಯಾ? ಹಳತಾಗಿತ್ತು, ಪಿಸ್ಟನ್ ಹೋಯ್ತು ಅಂತ ನಿನಗೆ ಹೇಳಿದೆ. ರಿಪೇರಿಗೆ 28,000 ಆಯ್ತು. ನೀನು ಮರುದಿನವೇ 14,000 ಕಳಿಸಿದೆ, ಒಂದು ಪ್ರಶ್ನೆ ಕೇಳಲಿಲ್ಲ. ನಿಜ ಬೇರೆಯೇ ಇತ್ತು. ಆ ವಾರ ದೋಣಿಯನ್ನು ಅಕ್ಕನ ಮಗನಿಗೆ ಕೊಟ್ಟಿದ್ದೆ. ನಿನ್ನನ್ನು ಕೇಳಿರಲಿಲ್ಲ. ಆ ಇಂಜಿನ್ನಿಗೆ ಆಯಿಲ್ ಹಾಕಲು ಬೇರೆ ಜಾಗ ಇಲ್ಲ, ಸೀಮೆಎಣ್ಣೆಯಲ್ಲೇ ಕಲಸಿ ಹಾಕಬೇಕು. ಅವನು ಕಲಸಲಿಲ್ಲ. ಪಿಸ್ಟನ್ ಕಾದು ಸಿಲಿಂಡರಿಗೆ ಕಚ್ಚಿಕೊಂಡಿತು. ಎಷ್ಟು ಎಳೆದರೂ ಸ್ಟಾರ್ಟ್ ಮಾಡುವ ಹಗ್ಗ ಒಂದು ಗೇಣೂ ಬರಲಿಲ್ಲ.

ಆ ಇಂಜಿನ್ ನಡೆಸುವುದನ್ನು ನನಗೆ ಕಲಿಸಿದವನೇ ನೀನು. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡು, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸು. ವಾಪಸ್ ಬರುವಾಗ, ದಡ ಕಾಣುತ್ತಿದ್ದ ಹಾಗೆ, ಮತ್ತೆ ಪೆಟ್ರೋಲಿಗೆ ತಿರುಗಿಸು. ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ನಾಳೆ ಬೆಳಿಗ್ಗೆ ಹಗ್ಗ ಎಳೆದು ಎಳೆದು ರಟ್ಟೆ ಬಿದ್ದುಹೋಗುತ್ತದೆ. ಮನೆಗೆ ಬಂದು ಸಿಹಿನೀರು ಹಾಯಿಸು. ಇಷ್ಟು ಜೋಪಾನ ಮಾಡಿದವನ ವಸ್ತುವನ್ನು ನಾನು ಕೇಳದೆ ಕೊಟ್ಟೆ, ಮೇಲಿಂದ ಸುಳ್ಳು ಹೇಳಿದೆ. ಆ 14,000 ನಿನಗೆ ಬರಬೇಕಾದ ದುಡ್ಡು. ಈ ತಿಂಗಳು ಅರ್ಧ ಕಳಿಸುತ್ತೇನೆ, ಉಳಿದದ್ದು ಮಳೆಗಾಲ ಮುಗಿಯುವುದರೊಳಗೆ. ಬೇಡ ಅನ್ನಬೇಡ.

ನಮ್ಮಜ್ಜನ ಕಾಲದ ರಂಪಣಿಯ ಕತೆ ನೀನೂ ಕೇಳಿದ್ದೀಯಲ್ಲ. ದಡದಿಂದ ಎಳೆಯುವ ಆ ಬಲೆಗೆ ನೂರರ ಹತ್ತಿರ ಜನ ಬೇಕಿತ್ತು. ಅಜ್ಜ ತನ್ನ ಪಾಲಿನ ಬಲೆಯ ತುಂಡನ್ನು ಮನೆಯಲ್ಲೇ ಹೆಣೆದು ಕೊಟ್ಟಿದ್ದರಂತೆ. ಬಂಗುಡೆ ಬಿದ್ದ ದಿನ ಎಲ್ಲರ ಎದುರಿಗೇ ದಡದಲ್ಲಿ ಪಾಲಾಗುತ್ತಿತ್ತಂತೆ. 1970ರ ದಶಕದ ನಡುವಿಗೆ, ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವರಿಯುವ ಪರ್ಸೀನ್ ಬೋಟುಗಳು ಬಂದವು, ರಂಪಣಿ ಮೂಲೆ ಸೇರಿತು. ಅಷ್ಟು ಜನ ಒಂದು ಬಲೆಯನ್ನು ಹಂಚಿಕೊಂಡು ಬದುಕಿದ ಊರಿನಲ್ಲಿ ನಾವಿಬ್ಬರು ಒಂದು ದೋಣಿಯ ಲೆಕ್ಕ ಬಾಯಲ್ಲೇ ಇಟ್ಟುಕೊಂಡು ಕೂತೆವಲ್ಲ.

ಇನ್ನು ಹಾಗೆ ಬೇಡ. ಒಂದು ನೋಟ್‌ಬುಕ್ ತಂದಿದ್ದೇನೆ. 6,000ಕ್ಕೆ ಮೀನು ಹೋದರೆ, ಎಣ್ಣೆ, ಐಸು, ಚಾ ತಿಂಡಿ ಕಳೆದು 4,800 ಉಳಿಯಿತು ಅಂತಿಟ್ಟುಕೋ. ಅರ್ಧ, ಅಂದರೆ 2,400, ಕಡಲಿಗೆ ಹೋದ ಮೂವರಿಗೆ, ತಲೆಗೆ 800. ಇನ್ನರ್ಧ ದೋಣಿಗೆ. ಅದರಲ್ಲಿ ಮೊದಲು 400 ಇಂಜಿನ್ನಿಗೆ ಅಂತ ತೆಗೆದಿಡುವುದು, ಮತ್ತೆ 1,000 ನಿನಗೆ, 1,000 ನನಗೆ. ನೀನು ಬೆಂಗಳೂರಿನ ಹೋಟೆಲಿನಲ್ಲಿದ್ದರೂ ನಿನ್ನ ಆ 1,000 ನಿನ್ನದೇ. ನಾನು ನೀರಿಗಿಳಿದ ಕೂಲಿ ನನ್ನ 800ರಲ್ಲಿ ಬಂದಾಯ್ತು. ದಿನದ ಲೆಕ್ಕದ ಫೋಟೊ ಸಂಜೆ ನಿನ್ನ ಫೋನಿಗೆ ಬರುತ್ತದೆ. ಮೂರನೆಯವರಿಗೆ ದೋಣಿ ಕೊಡಬೇಕಾದರೆ ಇಬ್ಬರೂ ಹೂಂ ಅನ್ನಬೇಕು. ಯಾರಾದರೂ ಬಿಡುವುದಾದರೆ ಮೊದಲು ಇನ್ನೊಬ್ಬನನ್ನು ಕೇಳಬೇಕು, ಬೆಲೆಯನ್ನು ನಮ್ಮಿಬ್ಬರಿಗೂ ಬೇಕಾದ ಹಿರಿಯರೊಬ್ಬರು ಕಟ್ಟಬೇಕು. ಛಾಪಾ ಕಾಗದದಲ್ಲಿ ಬರೆಸೋಣ. ನಾಳೆ ನಮ್ಮಲ್ಲಿ ಒಬ್ಬನಿಗೆ ಏನಾದರೂ ಆದರೆ ಮಕ್ಕಳು ಕಿತ್ತಾಡಬಾರದು.

ಇಷ್ಟೆಲ್ಲ ಆದ ಮೇಲೂ ನಿನಗೆ ಬೇಡವೇ ಅನ್ನಿಸಿದರೆ ಸರಿಯಾದ ಬೆಲೆ ಕೊಟ್ಟು ತೆಗೆದುಕೊಳ್ಳುತ್ತೇನೆ. ಪುಕ್ಕಟೆ ಮಾತ್ರ ಬೇಡ. ಆದರೆ ಬಿಡಬೇಡ ಅಂತಲೇ ನನ್ನ ಆಸೆ. ಗಾಳಿ ಜಾಸ್ತಿ ಇದ್ದ ದಿನ ಅಳಿವೆಯ ಬಾಯಲ್ಲಿ ಇಂಜಿನ್ ಸಣ್ಣ ಮಾಡಿಕೊಂಡು ನಿಂತಿರುತ್ತೇನೆ. ಮುಂದೆ ಅಲೆ ಒಡೆಯುತ್ತಿರುತ್ತದೆ. ಮೊದಲೆಲ್ಲ ನೀನು ಮುಂದೆ ಕೂತು ಅಲೆ ಎಣಿಸಿ "ಈಗ ಬಿಡು" ಅನ್ನುತ್ತಿದ್ದೆ. ಈಗ ಹೇಳುವವರಿಲ್ಲ. ಆಗ ನಿನ್ನ ಅರ್ಧ ನೆನಪಾಗುತ್ತದೆ. ಅದನ್ನು ಮುರಿದರೆ ನಿನಗೆ ಏನು ಹೇಳಲಿ ಅಂತ ತಿರುಗಿಸಿಕೊಂಡು ಬರುತ್ತೇನೆ. ಕಳೆದ ಮಳೆಗಾಲದಲ್ಲೇ ಮೂರು ಸಲ ಹಾಗೆ ಬಂದಿದ್ದೇನೆ. ಪೂರ್ತಿ ನನ್ನದಾಗಿದ್ದರೆ ದಾಟಿಬಿಡುತ್ತಿದ್ದೆನೋ ಏನೋ.

ದೋಣಿ ಈಗ ತೆಂಗಿನ ಮರದ ಬುಡದಲ್ಲಿ ಮಗುಚಿ ಇಟ್ಟಿದೆ. ಬಿರುಕು ಬಿಟ್ಟ ಎರಡು ಕಡೆ ಫೈಬರ್ ಹಾಕಿಸಿದೆ. ಪ್ರತಿ ವರ್ಷದ ಹಾಗೆ ಎಡಬದಿಗೆ ನಾನು ಬಣ್ಣ ಹೊಡೆದಿದ್ದೇನೆ. ಬಲಬದಿ ಉಜ್ಜಿ ಇಟ್ಟಿದೆ, ಡಬ್ಬ ಒಡೆದಿಲ್ಲ. ಮಳೆ ಹಿಡಿಯುವ ಮೊದಲು ಎರಡು ದಿನ ರಜೆ ಹಾಕಿ ಬಾ. ಬಣ್ಣ ಒಣಗಲು ಒಂದಿಡೀ ದಿನದ ಬಿಸಿಲು ಬೇಕು.

ನಿನ್ನ ಗೆಳೆಯ