ಎಕೋ ಮಾಡಿಕೊಟ್ಟವನೇ ಕೇಳುತ್ತಿದ್ದೇನೆ, ಸ್ವಲ್ಪ ಇಳಿಸಿ

ಮಾನ್ಯರೇ,

ಮೂವತ್ತು ವರ್ಷ ರೇಡಿಯೊ, ಟಿವಿ ರಿಪೇರಿ ಮಾಡಿ ಈಗ ಅಂಗಡಿ ಮುಚ್ಚಿ ಮನೆಯಲ್ಲಿದ್ದೇನೆ. ಕೈ ಮಾತ್ರ ಸುಮ್ನೆ ಇರುವುದಿಲ್ಲ. ಹೋದ ಶ್ರಾವಣಕ್ಕೆ ಮುಂಚೆ ನಮ್ಮ ಓಣಿಯ ಭಜನಾ ಮೇಳದ ಹುಡುಗರು ಬಂದು, "ಕಾಕಾ, ನಮ್ಮ ಮೈಕಿನ್ಯಾಗ ಎಕೋ ಇಲ್ರಿ, ಒಂದು ಮಾಡಿಕೊಡ್ರಿ" ಎಂದರು. ಮಾಡಿಕೊಟ್ಟೆ. ತಪ್ಪಾಯಿತೇನೋ ಎಂದು ಈಗ ಅನ್ನಿಸುತ್ತಿದೆ.

ಹಳೆಯ ಸ್ಟೀಲ್ ಊಟದ ಡಬ್ಬಿಯೇ ಪೆಟ್ಟಿಗೆ. ಒಳಗೆ ಪಿಟಿ2399 ಎಂಬ 16 ಕಾಲಿನ ಐಸಿ (ಚಿಪ್), ಅದಕ್ಕೆ 5 ವೋಲ್ಟ್ ಕೊಡುವ 7805 ಎಂಬ ಬಿಡಿಭಾಗ, ಒಂದು ಮುಷ್ಟಿ ಕೆಪಾಸಿಟರ್, ಎರಡು ನಾಬ್. ಈ ಐಸಿ ಬಂದ ದನಿಯನ್ನು ತನ್ನ ಮೆಮೊರಿಯಲ್ಲಿ ಚೂರು ಹೊತ್ತು ಹಿಡಿದಿಟ್ಟು ಆಮೇಲೆ ಬಿಡುತ್ತದೆ. ಎಷ್ಟು ಹೊತ್ತು ಅನ್ನುವುದು 6ನೇ ಕಾಲಿಗೆ ಹಾಕಿದ ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಭಾಗ) ಮೇಲೆ. ಮೊದಲ ನಾಬ್ ಅದನ್ನೇ ಹೆಚ್ಚು ಕಡಿಮೆ ಮಾಡುತ್ತದೆ. ಸುಮಾರು 0.03 ಸೆಕೆಂಡಿನಿಂದ 0.34ರವರೆಗೆ ಹೋಗುತ್ತದೆ. ಹೆಚ್ಚಿಸಿದಷ್ಟೂ ದನಿ ಮಬ್ಬಾಗಿ, ಹಿಂದೆ ಸುಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ. ಇನ್ನೊಂದು ನಾಬ್ ಹೊರಗೆ ಬಂದ ದನಿಯನ್ನೇ ಮತ್ತೆ ಒಳಗೆ ಕಳಿಸುತ್ತದೆ. ಅದನ್ನು ಪೂರ್ತಿ ತಿರುಗಿಸಿದರೆ ಪೆಟ್ಟಿಗೆ ತಾನೇ ಊಳಿಡಲು ಶುರು ಮಾಡುತ್ತದೆ.

ಮೊದಲ ದಿನವೇ ಮರ್ಯಾದೆ ಹೋಯಿತು. ಯಾರೋ ಹುಡುಗ ಮೊದಲ ನಾಬ್ ಪೂರ್ತಿ ಕೆಳಗೆ ತಿರುಗಿಸಿ ಸ್ವಿಚ್ ಹಾಕಿದ. ಐಸಿ ಏಳಲೇ ಇಲ್ಲ. ಸ್ವಿಚ್ ಹಾಕುವಾಗ 6ನೇ ಕಾಲಿನ ರೆಸಿಸ್ಟರ್ ತೀರ ಕಡಿಮೆ ಇದ್ದರೆ ಅದು ಹೀಗೆ ಹಟ ಹಿಡಿಯುತ್ತದೆ. ಮರುದಿನ ನಾಬಿನ ಜೊತೆ ಸಾಲಾಗಿ (ಸೀರೀಸ್) ಒಂದು 2.2ಕೆ, ಅಂದರೆ 2,200 ಓಮ್, ರೆಸಿಸ್ಟರ್ ಸೇರಿಸಿ ಬೆಸುಗೆ ಹಾಕಿದೆ. ಅಲ್ಲಿಂದ ತಕರಾರಿಲ್ಲ. ಮನೆಯಲ್ಲಿ ಮಾಡಿ ನೋಡುವವರು ಇದೊಂದನ್ನು ಮರೆಯಬೇಡಿ.

ಇನ್ನು ನನ್ನ ದೂರು. ಮೊನ್ನೆ ಪತ್ರಾಸಿನ (ತಗಡಿನ) ಶೆಡ್ಡಿನಲ್ಲಿ ಒಂದು ಕಾರ್ಯಕ್ರಮ. ಮೈಕ್‌ಸೆಟ್ಟಿನವರು ಎಕೋ ತುಂಬ ಏರಿಸಿದ್ದರು. ಮಗು ಕಳೆದಿದೆ ಎಂದು ಮೂರು ಸಲ ಕೂಗಿದರು. ಅಂಗಿ ಯಾವ ಬಣ್ಣದ್ದು, ಎಲ್ಲಿಗೆ ಕರೆತರಬೇಕು, ಒಂದೂ ತಿಳಿಯಲಿಲ್ಲ. ನನ್ನ ಪಕ್ಕದ ಅಜ್ಜಿ "ಏನಂದ್ರಪಾ?" ಎಂದು ಕೇಳುತ್ತಲೇ ಇದ್ದರು. ನಾವು ಮಾತಾಡುವಾಗ ಸೆಕೆಂಡಿಗೆ ನಾಲ್ಕೈದು ಅಕ್ಷರ ಬಾಯಿಂದ ಬರುತ್ತವೆ. 0.3 ಸೆಕೆಂಡ್ ತಡವಾಗಿ ಬರುವ ದನಿ ಮುಂದಿನ ಅಕ್ಷರದ ತಲೆಯ ಮೇಲೇ ಕೂರುತ್ತದೆ. ಪತ್ರಾಸು ಬೇರೆ ತನ್ನ ಪಾಲಿನದನ್ನು ಸೇರಿಸುತ್ತದೆ.

ಎಕೋ ಅಂದರೇನು ಅಂತ ನಮ್ಮ ಊರಿನವರಿಗೆ ಹೇಳಿಕೊಡಬೇಕೇ? ಗೋಳಗುಮ್ಮಟದ ಮೇಲಿನ ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ದನಿ ಎದುರು ಗೋಡೆಗೆ ಹೋಗಿ ಬರಲು 0.22 ಸೆಕೆಂಡ್ ಆಗುತ್ತದೆ. ನನ್ನ ಡಬ್ಬಿಯ ನಾಬನ್ನು ಅಷ್ಟಕ್ಕೇ ಇಟ್ಟು ಚಪ್ಪಾಳೆ ತಟ್ಟಿ ನೋಡಿದ್ದೇನೆ, ಖುಷಿಯಾಗುತ್ತದೆ. ಆದರೆ ಗುಮ್ಮಟದೊಳಗೆ ನಿಂತು ಯಾರಾದರೂ ಭಾಷಣ ಮಾಡುತ್ತಾರೆಯೇ? ಅಲ್ಲಿಗೆ ಹೋದವರು ಒಂದು ಕೂಗು ಹಾಕಿ ಸುಮ್ಮನಾಗಿ ಕೇಳುತ್ತಾರೆ, ಅಲ್ವಾ?

ಪದ ಹಾಡುವಾಗ, ಕೊನೆಯ ಸ್ವರ ಎಳೆಯುವಾಗ ಎಕೋ ಇರಲಿ, ಚಂದ ಕೇಳುತ್ತದೆ. ಹಾಡು ಮುಗಿದು ಮಾತು ಶುರುವಾದಾಗ ಮೈಕ್‌ಸೆಟ್ಟಿನ ಎಕೋ ನಾಬ್ ಸೊನ್ನೆಗೆ ತನ್ನಿ. ಕಾರ್ಯಕ್ರಮ ಇಟ್ಟುಕೊಳ್ಳುವವರು ಮೈಕ್‌ಸೆಟ್ಟಿನವರಿಗೆ ಮುಂಗಡ ಕೊಡುವಾಗಲೇ ಈ ಒಂದು ಮಾತು ಹೇಳಿಬಿಡಿ. ನಮ್ಮ ಮೇಳದ ಡಬ್ಬಿಗೆ ಎಕೋ ನಿಲ್ಲಿಸಲು ನಾನೇ ಒಂದು ಕಾಲೊತ್ತು ಸ್ವಿಚ್ ಹಾಕಿಕೊಟ್ಟಿದ್ದೇನೆ. ಬೇರೆ ಮೇಳದವರಿಗೆ ಬೇಕಿದ್ದರೆ ಅವರಿಗೂ ಹಾಕಿಕೊಡುತ್ತೇನೆ, ಸ್ವಿಚ್ಚಿನ ದುಡ್ಡು ಕೊಟ್ಟರೆ ಸಾಕು.

– ನಿವೃತ್ತ ರೇಡಿಯೊ ಮೆಕ್ಯಾನಿಕ್, ವಿಜಯಪುರ